ಅಯ್ಯನಕೆರೆ: ಮದಗ, ತೂಬು, ಕೋಡಿ

ಚಿಕ್ಕಮಗಳೂರು ಜಿಲ್ಲೆಯ ಕಡೂರು ತಾಲ್ಲೂಕಿನಲ್ಲಿ, ಸಖರಾಯಪಟ್ಟಣದ ಸಮೀಪ, ಶಕುನಗಿರಿಯ ಬುಡದಲ್ಲಿ ವೇದಾ ನದಿಗೆ ಅಡ್ಡಲಾಗಿ ಏರಿ ಹಾಕಿ ನಿರ್ಮಿಸಿದ ಪುರಾತನ ಕೆರೆ. ದೊಡ್ಡ ಮದಗದ ಕೆರೆ ಎಂಬುದು ಇದರ ಇನ್ನೊಂದು ಹೆಸರು. ರಾಜ್ಯದ ಅತಿ ದೊಡ್ಡ ಹಳೆಯ ಕೆರೆಗಳ ಸಾಲಿನಲ್ಲಿ ಇದಕ್ಕೆ ಸ್ಥಾನವಿದೆ.

ಮದಗ ಎಂಬ ಮಾತನ್ನು ಗಮನಿಸಬೇಕು. ಕೆರೆಯ ನೀರು ಹೊರಬೀಳುವ ದಾರಿ, ಅಂದರೆ ತೂಬು ಅಥವಾ ನೀರಿನ ಬಾಗಿಲು, ಎಂಬುದು ಅದರ ಹಳೆಯ ಅರ್ಥ. ತಮಿಳಿನ ಮದಗು ಇದರ ಸೋದರ ಶಬ್ದ. ಇಷ್ಟು ವಿಸ್ತಾರವಾದ ನೀರಿಗೆ ಅದು ಹೊರಹೋಗುವ ಕಂಡಿಯ ಹೆಸರು ಅಂಟಿಕೊಂಡಿದೆ. ಹೆಸರಿಟ್ಟವರ ಕಣ್ಣು ಎಲ್ಲಿತ್ತು ಎಂಬುದು ಇದರಿಂದ ತಿಳಿಯುತ್ತದೆ. ನಿಂತ ನೀರು ಊರಿಗೆ ಅನ್ನವಾಗುವುದೂ, ಅದೇ ನೀರು ಊರನ್ನು ಕೊಚ್ಚಿಕೊಂಡು ಹೋಗುವುದೂ ಆ ಕಂಡಿಯ ಮೇಲೆ ನಿಂತಿತ್ತು.

ಬಾಬಾಬುಡನ್‌ಗಿರಿ ಮತ್ತು ಮುಳ್ಳಯ್ಯನಗಿರಿಗಳನ್ನು ಒಳಗೊಂಡ ಚಂದ್ರದ್ರೋಣ ಪರ್ವತದ ಪೂರ್ವದ ಇಳಿಜಾರಿನಲ್ಲಿ ವೇದಾ ಮತ್ತು ಅವತಿ ಎಂಬ ಎರಡು ಹೊಳೆಗಳು ಹುಟ್ಟುತ್ತವೆ. ವೇದಾ ಬೆಟ್ಟ ಇಳಿದು ಬಯಲಿಗೆ ಕಾಲಿಡುವ ಜಾಗದಲ್ಲೇ ಅಯ್ಯನಕೆರೆ ಇದೆ. ಅವತಿಯನ್ನು ಎಮ್ಮೆದೊಡ್ಡಿ ಕಡೆಯ ಮದಗದ ಕೆರೆ ಹೀಗೆಯೇ ಬೆಟ್ಟದ ಬಾಗಿಲಲ್ಲಿ ತಡೆದು ನಿಲ್ಲಿಸುತ್ತದೆ. ಎರಡೂ ಕೆರೆಗಳಿಂದ ಹೊರಬಿದ್ದ ನೀರು ಕಡೂರಿನ ಬಳಿ ಕೂಡಿದಲ್ಲಿಂದ ಮುಂದೆ ಅದು ವೇದಾವತಿ. ಹೊಸದುರ್ಗ, ಹಿರಿಯೂರು, ಚಳ್ಳಕೆರೆ ದಾಟುತ್ತ ಹೋದಂತೆ ಹಗರಿ ಎನಿಸಿಕೊಂಡು ಬಳ್ಳಾರಿ ಜಿಲ್ಲೆಯ ಬಯಲಿನಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಗಿರಿಯ ಮೇಲೆ ಮುಂಗಾರು ಬಿಟ್ಟೂಬಿಡದೆ ಹೊಯ್ಯುವ ದಿನಗಳಲ್ಲಿ ಕಡೂರಿನಲ್ಲಿ ಒಣಗಾಳಿ ಬೀಸುತ್ತಿರುತ್ತದೆ. ಮಲೆನಾಡಿನ ಮಳೆಯನ್ನು ಬಯಲುಸೀಮೆಯ ಹೊಲಕ್ಕೆ ತಂದುಕೊಡುವ ಕೆಲಸವನ್ನು ಈ ಎರಡು ಕೆರೆಗಳು ಶತಮಾನಗಳಿಂದ ಮಾಡುತ್ತ ಬಂದಿವೆ.

ಕೆರೆಯನ್ನು ಕಟ್ಟಿಸಿದವನು ಸಖರಾಯಪಟ್ಟಣದ ದೊರೆ ರುಕ್ಮಾಂಗದರಾಯ ಎಂಬುದು ಪರಂಪರೆಯ ಮಾತು. ಹೊಯ್ಸಳರ ಕಾಲದಲ್ಲಿ, 1156ರಲ್ಲಿ, ಇದರ ಜೀರ್ಣೋದ್ಧಾರ ನಡೆಯಿತೆಂದು ಹೇಳಲಾಗುತ್ತದೆ. ಅದು ಒಂದನೆಯ ನರಸಿಂಹನ ಆಳ್ವಿಕೆಯ ಕಾಲ. ಏರಿಯ ಬಳಿಯ ಬಲ್ಲಾಳೇಶ್ವರ ದೇವಾಲಯದ ಹೆಸರೂ ಹೊಯ್ಸಳರನ್ನೇ ನೆನಪಿಸುತ್ತದೆ.

ಸ್ಥಳದ ಆಯ್ಕೆಯಲ್ಲಿರುವ ಜಾಣ್ಮೆ ನಿಜಕ್ಕೂ ದೊಡ್ಡದು. ಕಡಪಾ ಸೀಮೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ರಾಜಕುಮಾರ ಭಾಸ್ಕರ 1369ರಲ್ಲಿ ಹಾಕಿಸಿದ ಶಾಸನವು ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಬಾರದಿರಬೇಕಾದ ಆರು ದೋಷಗಳನ್ನೂ ಪಟ್ಟಿ ಮಾಡುತ್ತದೆ. ಗಟ್ಟಿ ನೆಲ, ಸಿಹಿನೀರಿನ ಹೊಳೆ, ಅದಕ್ಕೆ ತಾಗಿದ ಬೆಟ್ಟ, ಬೆಟ್ಟಗಳ ನಡುವೆ ಹೆಚ್ಚು ಉದ್ದವಲ್ಲದ ಗಟ್ಟಿಯಾದ ಏರಿ, ಆಳವೂ ಅಗಲವೂ ಆದ ಅಂಗಳ, ಹತ್ತಿರದಲ್ಲೇ ಕಲ್ಲಿನ ಗಣಿ, ಕೆಳಗೆ ಸಮತಟ್ಟಾದ ಹೊಲ, ಇವೆಲ್ಲ ಅದರಲ್ಲಿವೆ. ಅಯ್ಯನಕೆರೆ ಆ ಶಾಸನಕ್ಕಿಂತ ಬಹಳ ಹಳೆಯದು. ಆದರೂ ಏರಿಯ ಮೇಲೆ ನಿಂತು ನೋಡಿದರೆ ಒಂದೊಂದೇ ಅಂಗ ಕಣ್ಣೆದುರು ಬರುತ್ತದೆ. ಸುಮಾರು 1,400 ಮೀಟರ್ ಎತ್ತರದ ಶಕುನಗಿರಿ ಪಕ್ಕದಲ್ಲೇ ಎದ್ದು ನಿಂತಿದೆ. ಮೂರು ಕಡೆ ಗುಡ್ಡಗಳೇ ದಂಡೆ. ಮನುಷ್ಯರು ಮುಚ್ಚಬೇಕಾದದ್ದು ಹೊಳೆ ನುಸುಳಿಹೋಗುವ ಒಂದು ಕಣಿವೆಯನ್ನು ಮಾತ್ರ.

ಹಳೆಯ ಕಾಲದ ತೂಬಿನ ಕಟ್ಟಡ ಈ ಸೀಮೆಯಲ್ಲೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯದು. ಏರಿಯ ಒಳಮೈಗೆ ಹತ್ತಿರವಾಗಿ ನೀರಿನಲ್ಲಿ ಎರಡು ಕಲ್ಲುಕಂಬಗಳು ನಿಂತಿರುತ್ತವೆ. ಅವುಗಳ ನಡುವೆ ಒಂದರ ಮೇಲೊಂದರಂತೆ ಅಡ್ಡಹಾಸುಗಳು, ಹಾಸುಗಳಲ್ಲಿ ನೇರಕ್ಕೆ ಸರಿಯಾಗಿ ಕೊರೆದ ತೂತುಗಳು. ಆ ತೂತುಗಳಲ್ಲಿ ಇಳಿಬಿಟ್ಟ ಗಳುವಿನ ತುದಿಯಲ್ಲಿ ಮೊನಚಾದ ಗೂಟ ಇರುತ್ತದೆ. ಗೂಟ ಕೂರುವುದು ತಳದ ಕಲ್ಲಿನ ಕಣ್ಣಿನಲ್ಲಿ. ಗಳುವನ್ನು ಗೇಣಷ್ಟು ಎತ್ತಿದರೆ ಅಷ್ಟೇ ನೀರು ಕಣ್ಣಿನಿಂದ ಇಳಿದು, ಏರಿಯ ಹೊಟ್ಟೆಯೊಳಗಿನ ಕಲ್ಲಿನ ಕಾಲುವೆಯಲ್ಲಿ ಹರಿದು, ಆಚೆ ಬದಿಯ ತೊಟ್ಟಿಗೆ ಬೀಳುತ್ತದೆ. ಗೂಟ ಕಚ್ಚಿಕೊಂಡರೆ ತೂಬು ನೋಡಿಕೊಳ್ಳುವ ನೀರಗಂಟಿ ಮುಳುಗಿ ಬಿಡಿಸಬೇಕು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಯಾರ ಸರದಿ ಮುಗಿಯಿತು ಎಂಬ ಲೆಕ್ಕವೂ ಅವನದೇ.

ಕೋಡಿಯ ಕೆಲಸ ಬೇರೆ. ಕೆರೆ ತುಂಬಿ ತನ್ನ ನೆತ್ತಿಯ ಮೇಲೆ ನೀರು ಹರಿಯುವುದಕ್ಕಿಂತ ದೊಡ್ಡ ಶತ್ರು ಏರಿಗೆ ಇಲ್ಲ. ಮಣ್ಣು ಕರಗಲು ಶುರುವಾದರೆ ತಾಸುಗಳಲ್ಲಿ ಎಲ್ಲ ಮುಗಿಯುತ್ತದೆ. ಆದ್ದರಿಂದ ಏರಿಗಿಂತ ತಗ್ಗಾಗಿ, ಗಟ್ಟಿ ನೆಲ ನೋಡಿ, ಕಲ್ಲು ಹಾಸಿ ಕೋಡಿ ಕಟ್ಟುತ್ತಾರೆ. ತುಂಬಿದ ಮೇಲಿನ ಹೆಚ್ಚುನೀರು ಅಲ್ಲಿಂದ ತಾನಾಗಿ ಉಕ್ಕಿ ಹಳ್ಳ ಸೇರುತ್ತದೆ. ಕೋಡಿ ಬಿತ್ತು ಎಂಬ ಸುದ್ದಿ ಹಬ್ಬಿದ ದಿನ ಸುತ್ತಲ ಹಳ್ಳಿಗಳು ಏರಿಯ ಮೇಲಿರುತ್ತವೆ. ಗಂಗೆಗೆ ಪೂಜೆಯಾಗುತ್ತದೆ, ಬಾಗಿನ ತೇಲುತ್ತದೆ. ಕಲ್ಲಿನ ಮೇಲೆ ಬಿಳಿ ನೊರೆಯಾಗಿ ಇಳಿಯುವ ನೀರಿಗೆ ಹುಡುಗರು ಬೆನ್ನೊಡ್ಡಿ ನಿಲ್ಲುತ್ತಾರೆ. ಕೆಳಗಿನ ತೆಂಗು ಅಡಿಕೆಯ ತೋಟಗಳಿಗೂ ಗದ್ದೆಗಳಿಗೂ ಆ ವರ್ಷದ ಭರವಸೆ ಸಿಕ್ಕಂತಾಗುತ್ತದೆ.

ಕೆರೆ ಒಡೆಯುವ ಭಯ ಎಷ್ಟು ಆಳವಾಗಿತ್ತು ಎಂಬುದಕ್ಕೆ ಇಲ್ಲಿನ ಐತಿಹ್ಯವೇ ಸಾಕ್ಷಿ. ಒಂದು ಮಳೆಗಾಲದ ರಾತ್ರಿ ಕೆರೆಯ ದೇವತೆ ನೀರಗಂಟಿಗೆ ಕಾಣಿಸಿಕೊಂಡು, ತಾನಿನ್ನು ಏರಿ ಒಡೆದು ಹೊರಡುತ್ತೇನೆ ಎಂದಳಂತೆ. ದೊರೆಗೆ ತಿಳಿಸಿ ಬರುತ್ತೇನೆ, ನಾನು ಮರಳುವವರೆಗೆ ತಾಳು ತಾಯಿ ಎಂದು ಬೇಡಿ, ಮಾತು ಪಡೆದು, ಅವನು ಸಖರಾಯಪಟ್ಟಣಕ್ಕೆ ಓಡಿದ. ಸುದ್ದಿ ಕೇಳಿದ ದೊರೆ ಒಂದು ಕ್ಷಣ ಯೋಚಿಸಿದ. ಈತ ಮರಳದಿದ್ದರೆ ದೇವತೆ ಮಾತಿಗೆ ಕಟ್ಟುಬಿದ್ದು ಎಂದೆಂದಿಗೂ ನಿಲ್ಲುತ್ತಾಳೆ. ನೀರಗಂಟಿಯ ತಲೆ ಅಲ್ಲೇ ಉರುಳಿತು. ನಾಡಿನ ಬೇರೆ ಕೆರೆಗಳಿಗೂ ಇಂಥ ಬಲಿದಾನದ ಕತೆಗಳಿವೆ. ಮದಗದ ಕೆರೆಗೆ ಬಂದ ಮಳೆಯನ್ನು ಹಾಡುವ ಪ್ರಸಿದ್ಧ ಜನಪದ ಗೀತೆಯನ್ನು ಕಡೂರಿನವರೂ ಹಾವೇರಿ ಜಿಲ್ಲೆಯ ಮಾಸೂರು ಮದಗದವರೂ ತಮ್ಮದೆನ್ನುತ್ತಾರೆ. ಬಲಿದಾನದ ಈ ಕತೆಗಳಲ್ಲಿ ದೊರೆಯ ಕೀರ್ತಿಗಿಂತ ಹೆಚ್ಚಾಗಿ ಉಳಿದಿರುವುದು ಕೆರೆಗಾಗಿ ಜೀವ ತೆತ್ತವರ ನೆನಪು. ಜನರ ಲೆಕ್ಕ ಇಲ್ಲಿ ನ್ಯಾಯವಾಗಿದೆ ಎಂದೇ ಹೇಳಬೇಕು.

ಕತೆಯಾಚೆಗೂ ಕೆರೆ ಕಾಯುವ ಏರ್ಪಾಡುಗಳಿದ್ದವು. ಕೆರೆ ಕಟ್ಟಿದವರಿಗೆ, ದುರಸ್ತಿ ನೋಡಿಕೊಂಡವರಿಗೆ ಬಿಡುತ್ತಿದ್ದ ಭೂಮಿಗೆ ಕಟ್ಟುಕೊಡಗೆ ಎನ್ನುತ್ತಿದ್ದರು. ಅಚ್ಚುಕಟ್ಟಿನ ಬೆಳೆಯಲ್ಲಿ ಕೆರೆಗೆಂದು ಎತ್ತಿಡುವ ಪಾಲು ಬಿತ್ತುವಟ್ಟ. ಹೂಳು ಸಾಗಿಸುವ ಕೆರೆಬಂಡಿ ಮತ್ತು ಅದನ್ನು ಎಳೆಯುವ ಕೋಣಗಳಿಗೆ ದತ್ತಿ ಬಿಟ್ಟ ಶಾಸನಗಳು ಕನ್ನಡ ನಾಡಿನಲ್ಲಿ ಹಲವಿವೆ. ಇವೆಲ್ಲ ಸಡಿಲಗೊಂಡ ಕಾಲದಲ್ಲಿ, 1866ರಲ್ಲಿ, ಮೈಸೂರಿನ ಮುಖ್ಯ ಎಂಜಿನಿಯರ್ ಸ್ಯಾಂಕಿ ಸಂಸ್ಥಾನದ ಕೆರೆಗಳನ್ನು ಅಳೆದು ನೋಡಿದಾಗ, ನಾಡಿನ ನೆಲದ ಸುಮಾರು ನೂರಕ್ಕೆ ಅರವತ್ತರಷ್ಟು ಭಾಗದ ಮಳೆನೀರು ಒಂದಲ್ಲ ಒಂದು ಕೆರೆಗೆ ಸೇರುತ್ತಿತ್ತು. ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟವೆಂದು ಆತ ಬರೆದ.

1892ರಲ್ಲಿ ಮೈಸೂರು ಮತ್ತು ಮದ್ರಾಸ್ ಮಾಡಿಕೊಂಡ ಒಪ್ಪಂದದ ನದಿಗಳ ಪಟ್ಟಿಯಲ್ಲಿ ವೇದಾವತಿಯೂ ಸೇರಿತು. ಅದರಂತೆ ಪಟ್ಟಿಯ ನದಿಗಳ ಮೇಲೆ ಹೊಸ ಜಲಾಶಯ ಕಟ್ಟಲು ಮೈಸೂರು ಮದ್ರಾಸಿನ ಒಪ್ಪಿಗೆ ಪಡೆಯಬೇಕಿತ್ತು. ಪೋರುಮಾಮಿಳ್ಳದ ಶಾಸನ ಎರಡು ರಾಜ್ಯಗಳ ಗಡಿಯಲ್ಲಿರುವುದನ್ನೂ ಕೆರೆಯ ದೋಷವೆಂದು ಎಣಿಸಿದೆ. ನದಿಗೂ ಆ ಮಾತು ಅನ್ವಯಿಸುತ್ತದೆ. 1907ರಲ್ಲಿ ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ಸುಮಾರು 30 ಟಿ.ಎಂ.ಸಿ. ಹಿಡಿಯುವ ವಾಣಿವಿಲಾಸ ಸಾಗರ ಪೂರ್ಣಗೊಂಡಿತು. ಅಲ್ಲಿಂದೀಚೆಗೆ ಅಯ್ಯನಕೆರೆಯ ಕೋಡಿಯ ನೀರಿಗೆ ಕೆಳಗೊಂದು ದೊಡ್ಡ ಪಾತ್ರೆ ಕಾಯುತ್ತಿದೆ. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರಲ್ಲಿ.

ಅಷ್ಟರಲ್ಲಿ ನೀರಿನ ದಾರಿಗಳೇ ಬದಲಾಗಿದ್ದವು. ಪಕ್ಕದ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ 1965ರಲ್ಲಿ ಮುಗಿದ ಭದ್ರಾ ಅಣೆಕಟ್ಟೆಯ ನೀರನ್ನು ಮೇಲೆತ್ತಿ, ಅಜ್ಜಂಪುರದ ಬಳಿ ಸುಮಾರು 7 ಕಿಲೋಮೀಟರ್ ಉದ್ದದ ಸುರಂಗದ ಮೂಲಕ ದಿಣ್ಣೆ ದಾಟಿಸಿ, ವೇದಾವತಿಯ ಕಡೆಗೆ ಹರಿಸುವುದು ಭದ್ರಾ ಮೇಲ್ದಂಡೆ ಯೋಜನೆ. ತುಂಗೆಯಿಂದ 17.4, ಭದ್ರೆಯಿಂದ 12.5, ಒಟ್ಟು 29.9 ಟಿ.ಎಂ.ಸಿ. ಅದರ ಲೆಕ್ಕ. 2019ರಿಂದ ಅಲ್ಲಿನ ನೀರು ವಾಣಿವಿಲಾಸಕ್ಕೆ ಹರಿಯತೊಡಗಿತು. ಪಂಪುಗಳ ಬಲದಿಂದ ಬೆಟ್ಟದ ಆಚೆಯ ನೀರು ಈಚೆಗೆ ಬರುತ್ತಿದ್ದರೂ, ಅಯ್ಯನಕೆರೆಗೆ ಇಂದಿಗೂ ನೀರು ಬರುವುದು ಗಿರಿಯ ಇಳಿಜಾರಿನಿಂದ, ತನ್ನಷ್ಟಕ್ಕೆ. ಕೋಡಿಯ ಕಲ್ಲಿನಿಂದ ಇಳಿದ ನೀರು ಸಖರಾಯಪಟ್ಟಣದ ಪಕ್ಕದಲ್ಲಿ ಸಾಗಿ, ಕಡೂರಿನ ಬಳಿ ಅವತಿಯನ್ನು ಕೂಡಿಕೊಂಡು ಮಾರಿಕಣಿವೆಯ ಕಡೆಗೆ ಹೋಗುತ್ತದೆ.