ಮುಂಬಯಿ–ಬೆಂಗಳೂರು: ಸರಕು ಹೊತ್ತ ಬೆನ್ನುಗಳ ಚರಿತ್ರೆ



ಮುಂಬಯಿಯಿಂದ ಬೆಂಗಳೂರಿಗೆ ಸರಕು ಹೆಂಗೆ ಬರುತ್ತೆ ಅಂತ ಕೇಳಿದ್ರೆ ರೈಲು ಇಲ್ಲಾ ಲಾರಿ ಅಂತಾರೆ. ಆದ್ರೆ ರೈಲು ನಿಂತಲ್ಲಿ, ಲಾರಿ ನಿಂತಲ್ಲಿ ಸರಕು ತಾನಾಗಿ ಇಳಿಯಲ್ಲ. ಅದನ್ನ ಇಳಿಸಿ ಏರಿಸೋ ಬೆನ್ನುಗಳಿಗೂ ಒಂದು ಚರಿತ್ರೆ ಇದೆ. ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

ಈ ದಾರಿಯ ಮೊದಲ ಅಡ್ಡಿ ಮುಂಬಯಿ–ಪುಣೆ ನಡುವಿನ ಭೋರ್ ಘಾಟ್. 1853ರಲ್ಲಿ ಮುಂಬಯಿಯಿಂದ ಠಾಣೆಗೆ ಮೊದಲ ರೈಲು ಓಡಿತು. 1856ಕ್ಕೆ ಹಳಿ ಘಾಟ್ ಬುಡದ ಖೋಪೋಲಿ ತಲುಪಿತು. 1858ಕ್ಕೆ ಮೇಲಿನ ಖಂಡಾಲಾದಿಂದ ಪುಣೆವರೆಗೂ ರೈಲು ಬಂತು. ನಡುವಿನ ಘಾಟ್‌ನಲ್ಲಿ ಮಾತ್ರ ಹಳಿ ಇಲ್ಲ. 1863ರವರೆಗೆ ಐದು ವರ್ಷ, ದಖನ್ನಿನ ಹತ್ತಿ ಅಂಡಿಗೆಗಳನ್ನ ಮೇಲೆ ಒಂದು ರೈಲಿಂದ ಇಳಿಸಿ, ಗಾಡಿಗೆ ಹೇರಿ, ಕೆಳಗೆ ಇನ್ನೊಂದು ರೈಲಿಗೆ ಏರಿಸಬೇಕಿತ್ತು. ಸಾಹೇಬರು ಪಲ್ಲಕ್ಕಿಯಲ್ಲಿ ಘಾಟ್ ದಾಟುತ್ತಿದ್ದರು. ಆ ಪಲ್ಲಕ್ಕಿಗೂ ಹೆಗಲು ಬೇಕಲ್ಲ?

ಆ ಘಾಟ್‌ಗೆ ಹಳಿ ಹಾಕಿದವರು ಯಾರು? 25 ಸುರಂಗ ಕೊರೆದವರು ಯಾರು? 1861ರ ಹೊತ್ತಿಗೆ ಅಲ್ಲಿ ಸುಮಾರು 42,000 ಕೂಲಿಗಳಿದ್ದರು. ಹೆಂಗಸರು, ಮಕ್ಕಳು ಕೂಡ ಇದ್ದರು. ಕಾಲರಾ, ಜ್ವರ, ಕುಸಿದ ಬಂಡೆ, ಮದ್ದಿನ ಸ್ಫೋಟ ಇವುಗಳಿಗೆ ಸತ್ತವರು ಸಾವಿರಾರು ಜನ. ಗುತ್ತಿಗೆದಾರ ಫೇವಿಯೆಲ್ ಹೆಸರು ಚರಿತ್ರೆಯಲ್ಲಿದೆ. ಅವನ ನಂತರ ಬಂದು ತೀರಿಹೋದ ಸಾಲೊಮನ್ ಟ್ರೆಡ್ವೆಲ್ ಹೆಸರಿದೆ, ಗಂಡನ ಗುತ್ತಿಗೆ ಮುಂದುವರಿಸಿದ ಆಲಿಸ್ ಟ್ರೆಡ್ವೆಲ್ ಹೆಸರೂ ಇದೆ. ಇರಲಿ. ಬುಟ್ಟಿ ಹೊತ್ತವಳ ಹೆಸರು ಎಲ್ಲಿದೆ?

ಒಂದು ವಿಷಯ ನೆನಪಿಡಿ. 1859ರಲ್ಲಿ ಕೂಲಿ ಬಾಕಿ ಉಳಿಸಿಕೊಂಡಿದ್ದಕ್ಕೆ ಆ ಕೂಲಿಗಳು ದಂಗೆ ಎದ್ದರು. ಮರುವರ್ಷ ಸರ್ಕಾರ ರೈಲ್ವೆಯಂಥ ಕಾಮಗಾರಿಗಳ ಕೂಲಿ ವಿವಾದ ತೀರಿಸೋಕೆ ಒಂದು ಕಾಯ್ದೆ ತಂತು. ಅದರಲ್ಲೇ, ಒಪ್ಪಿಕೊಂಡ ಕೆಲಸ ನಡುವೆ ಬಿಟ್ಟು ಹೋದ ಕೂಲಿಯನ್ನ ಜೈಲಿಗೆ ಕಳಿಸೋ ಅವಕಾಶವೂ ಇತ್ತು. ಕೂಲಿ ಕೊಡದಿದ್ದವನ ತಪ್ಪು ಬರೀ ಬಾಕಿ ಲೆಕ್ಕ, ಕೆಲಸ ಬಿಟ್ಟವನ ತಪ್ಪು ಅಪರಾಧ! ಈ ನ್ಯಾಯ ನಮಗೇನು ಹೊಸದಲ್ಲ, ಬಿಟ್ಟಿ ಚಾಕರಿ ಮಾಡಿದ ಕೇರಿಗಳಿಗೆ ಚೆನ್ನಾಗಿ ಗೊತ್ತು.

ಪುಣೆಯಿಂದ ಈಚೆಗೆ ಇನ್ನೊಂದು ತೊಡಕು. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಪುಣೆ, ಮೀರಜ್, ಬೆಳಗಾವಿ, ಹುಬ್ಬಳ್ಳಿ ದಾರಿಗೆ ಹಾಕಿದ್ದು ಮೀಟರ್ ಗೇಜ್ ಹಳಿ. ಮುಂಬಯಿ ಕಡೆಯದು 1,676 ಮಿ.ಮೀ. ಅಗಲದ ಬ್ರಾಡ್ ಗೇಜ್, ಈಚೆಯದು 1,000 ಮಿ.ಮೀ. ಅಲ್ಲಿನ ವ್ಯಾಗನ್ ಈ ಹಳಿಗೆ ಬರಲ್ಲ. ಹಳಿಯ ಖರ್ಚಲ್ಲಿ ಕಂಪನಿ ಉಳಿಸಿದ ದುಡ್ಡಿನ ಭಾರ ಬಿದ್ದಿದ್ದು ಹಮಾಲಿಯ ಮೇಲೆ. ಈ ದಾರಿಯಲ್ಲಿ ಬಂದ ಒಂದೊಂದು ಚೀಲವನ್ನೂ ಪುಣೆಯಲ್ಲಿ ಒಂದು ವ್ಯಾಗನ್‌ನಿಂದ ಇನ್ನೊಂದಕ್ಕೆ ಹೊತ್ತು ಹಾಕಬೇಕಿತ್ತು. 1970ರ ದಶಕದ ಆರಂಭದಲ್ಲಿ ಪುಣೆ–ಮೀರಜ್ ಬ್ರಾಡ್ ಗೇಜ್ ಆದ ಮೇಲೆ ಆ ಹೊರೆ ಮೀರಜ್‌ಗೆ ಬಂತು. ಬೆಂಗಳೂರಿನ ತನಕ ಒಂದೇ ಅಗಲದ ಹಳಿ ಬರೋಕೆ 90ರ ದಶಕವೇ ಬೇಕಾಯ್ತು.

ಈಗ ಬಾಬಾಸಾಹೇಬರ ವಿಷಯಕ್ಕೆ ಬರ್ತೀನಿ. 1938ರ ಫೆಬ್ರವರಿಯಲ್ಲಿ ಮನ್ಮಾಡ್‌ನಲ್ಲಿ ಜಿ.ಐ.ಪಿ. ರೈಲ್ವೆಯ ದಲಿತ ಕಾರ್ಮಿಕರ ಸಮ್ಮೇಳನ. ಜಿ.ಐ.ಪಿ. ಅಂದ್ರೆ ಭೋರ್ ಘಾಟ್ ಹತ್ತಿಸಿದ ಅದೇ ಕಂಪನಿ. ಕಾರ್ಮಿಕರಿಗೆ ಇಬ್ಬರು ಶತ್ರುಗಳು, ಬ್ರಾಹ್ಮಣಶಾಹಿ ಮತ್ತು ಬಂಡವಾಳಶಾಹಿ ಅಂತ ಅವರು ಹೇಳಿದ್ದು ಅಲ್ಲೇ. ಆ ಮಾತು ನಮ್ಮ ಪೋಸ್ಟರ್‌ಗಳಲ್ಲೆಲ್ಲ ಇದೆ. ಆದ್ರೆ ಅದೇ ಭಾಷಣದಲ್ಲಿ ಕೊಟ್ಟ ಲೆಕ್ಕವನ್ನ ಯಾರೂ ಪೋಸ್ಟರ್ ಮಾಡಲ್ಲ. ರೈಲ್ವೆಯಲ್ಲಿ ಅಸ್ಪೃಶ್ಯನಿಗೆ ಗ್ಯಾಂಗ್‌ಮನ್ ಕೆಲಸ ಸಿಗುತ್ತೆ, ಜೀವನಪೂರ್ತಿ ಗ್ಯಾಂಗ್‌ಮನ್ ಆಗೇ ಇರ್ತಾನೆ. ಪೋರ್ಟರ್ ಕೆಲಸಕ್ಕೂ ಅವನನ್ನ ತಗೊಳ್ಳಲ್ಲ. ಯಾಕಂದ್ರೆ ಪೋರ್ಟರ್ ಸ್ಟೇಷನ್ ಮಾಸ್ತರನ ಮನೆಗೆಲಸಕ್ಕೂ ಹೋಗಬೇಕು, ಮನೆಯೊಳಗೆ ಇವನ ನೆರಳು ಬೀಳಬಾರದು. ನೋಡಿ, ಕೂಲಿ ಕೆಲಸದೊಳಗೂ ಮೆಟ್ಟಿಲು! ಬಿಸಿಲಲ್ಲಿ ಹಳಿ ಬಡಿಯೋದು ಕೆಳಗಿನ ಮೆಟ್ಟಿಲು, ನೆರಳಲ್ಲಿ ಪೆಟ್ಟಿಗೆ ಹೊರೋದು ಅದಕ್ಕಿಂತ ಒಂದು ಮೆಟ್ಟಿಲು ಮೇಲೆ.

ಹಂಗಂತ ಹಮಾಲಿಗಳೆಲ್ಲ ದಲಿತರು ಅಂತ ನಾನು ಹೇಳ್ತಿಲ್ಲ. ಮುಂಬಯಿಯ ಮಾಥಾಡಿ ಕಾರ್ಮಿಕರಲ್ಲಿ ಸಾತಾರ ಕಡೆಯ ಮರಾಠರು ಬಹಳ. ಅಣ್ಣಾಸಾಹೇಬ್ ಪಾಟೀಲ್ ಅವರನ್ನ ಸಂಘಟಿಸಿದರು. 1969ರಲ್ಲಿ ಮಹಾರಾಷ್ಟ್ರದಲ್ಲಿ ಮಾಥಾಡಿ ಕಾಯ್ದೆ ಬಂತು. ಮಾಲೀಕ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು, ಕೂಲಿಯನ್ನ ಮಂಡಳಿಗೇ ಕಟ್ಟಬೇಕು, ಅದರ ಮೇಲೆ ಲೆವಿ ಕೊಡಬೇಕು. ಆ ಲೆವಿಯಿಂದ ಭವಿಷ್ಯ ನಿಧಿ, ಗ್ರಾಚ್ಯುಟಿ, ಆಸ್ಪತ್ರೆ. ತಲೆ ಮೇಲೆ ಹೊರುವವನಿಗೂ ಮುಪ್ಪು ಬರುತ್ತೆ ಅಂತ ಕಾನೂನು ಒಪ್ಪಿಕೊಂಡಿತು.

ಈಗ ಲಾರಿ ಕಾಲ. ರೈಲಲ್ಲಿ ಕಳಿಸಿದ್ರೆ ಗೋಡೌನ್‌ನಿಂದ ಲಾರಿಗೆ, ಲಾರಿಯಿಂದ ವ್ಯಾಗನ್‌ಗೆ, ಆಮೇಲೆ ಮತ್ತೆ ಲಾರಿಗೆ, ಅಂಗಡಿಗೆ. ನಾಲ್ಕು ಸಲ ಎತ್ತಿ ಇಳಿಸಬೇಕು. ಲಾರಿ ಬಾಗಿಲಿಂದ ಬಾಗಿಲಿಗೆ ಹೋಗುತ್ತೆ. ಅದಕ್ಕೇ ವ್ಯಾಪಾರಿಗಳು ಪುಣೆ–ಬೆಳಗಾವಿ–ಹುಬ್ಬಳ್ಳಿ ಹೆದ್ದಾರಿ ಹಿಡಿದರು. 2017ರಲ್ಲಿ ಜಿ.ಎಸ್.ಟಿ. ಬಂದು ಚೆಕ್‌ಪೋಸ್ಟ್ ಕಾಟವೂ ತಪ್ಪಿತು. ಲಾರಿ ಬೇಗ ಬರುತ್ತೆ, ಕಂಟೇನರ್ ಕ್ರೇನ್‌ನಲ್ಲಿ ಇಳಿಯುತ್ತೆ. ಆದ್ರೆ ಕಂಟೇನರ್ ಬಾಗಿಲು ತೆಗೆದ ಮೇಲೆ ಒಳಗಿನ ಚೀಲ ಹೊರೋದು ಮನುಷ್ಯನೇ. ಗೂಡ್ಸ್ ಶೆಡ್‌ಗೆ ರಾತ್ರಿ ರೇಕ್ ಬಂದ್ರೆ ರಾತ್ರಿಯೇ ಖಾಲಿ ಮಾಡಬೇಕು, ತಡವಾದ್ರೆ ವರ್ತಕ ಡೆಮರೇಜ್ ಕಟ್ಟಬೇಕು. ವ್ಯಾಗನ್ ಕಾದರೆ ಗಂಟೆ ಲೆಕ್ಕದಲ್ಲಿ ದಂಡ ಇದೆ. ಹಮಾಲಿ ಕೆಲಸಕ್ಕಾಗಿ ದಿನವಿಡೀ ಕಾದರೆ ಅವನಿಗೆ ಯಾರು ದಂಡ ಕಟ್ಟಿಕೊಡ್ತಾರೆ?

ಕರ್ನಾಟಕದಲ್ಲಿ ಹಮಾಲಿಗಳಿಗೆ ಅಂಬೇಡ್ಕರ್ ಹೆಸರಿನ ಸಹಾಯ ಹಸ್ತ ಯೋಜನೆಯಡಿ ಗುರುತಿನ ಚೀಟಿ ಇದೆ. ಬೇಡ ಅನ್ನಲ್ಲ. ಆದ್ರೆ ಚೀಟಿಯಿಂದ ಪಿಂಚಣಿ ಬರಲ್ಲ. ಮುಂಬಯಿಯಲ್ಲಿ ಮಾಥಾಡಿ ಏರಿಸಿದ ಚೀಲಕ್ಕೆ ಲೆವಿ ಇದೆ. ಅದೇ ಚೀಲ ಯಶವಂತಪುರದಲ್ಲಿ ಇಳಿಯುವಾಗ ಯಾಕಿಲ್ಲ? ಚೀಲ ಒಂದೇ, ಭಾರ ಒಂದೇ. ಎರಡೂ ಕಡೆ ಹಳಿಯ ಅಗಲ ಒಂದು ಮಾಡೋಕೆ ನೂರು ವರ್ಷ ಆಯ್ತು. ಹಕ್ಕಿನ ಅಗಲ ಒಂದು ಮಾಡೋಕೆ ಇನ್ನು ನೂರು ವರ್ಷ ಕಾಯೋಕಾಗಲ್ಲ.

ನಿಮ್ಮೂರಿನ ಎ.ಪಿ.ಎಂ.ಸಿ., ಗೂಡ್ಸ್ ಶೆಡ್, ಲಾರಿ ಆಫೀಸುಗಳಲ್ಲಿ ಹಮಾಲಿ ಸಂಘ ಇದ್ರೆ ಈ ಬರಹ ಅಲ್ಲಿ ಓದಿ ಹೇಳಿ. ಮಾಥಾಡಿ ಮಾದರಿಯ ಕಾಯ್ದೆ ನಮಗೂ ಬೇಕು ಅನ್ನೋ ಕೂಗು ಅಲ್ಲಿಂದ ಏಳಲಿ.

ಜೈ ಭೀಮ್.