ಷರೀಯತ್ತು ಮತ್ತು ಸರಕಾರದ ನ್ಯಾಯಸ್ಥಾನ

ಇತಿಹಾಸದ ತರಗತಿಯಲ್ಲಿ ಇಸ್ಲಾಮೀ ನ್ಯಾಯಶಾಸ್ತ್ರದ ಮಾತು ಬಂದೊಡನೆ, ಅದು ಎಂದೂ ಕದಲದ ಕಟ್ಟಳೆಯೆಂದು ವಿದ್ಯಾರ್ಥಿಗಳು ಭಾವಿಸುವುದುಂಟು. ಅಧ್ಯಾಪಕರಾದ ನಾವೂ ಹಲವು ಸಲ ಹಾಗೆಯೇ ತಿಳಿದಿರುತ್ತೇವೆ. ಭಾರತದ ನ್ಯಾಯಸ್ಥಾನಗಳಲ್ಲಿ ಅದು ನಡೆದುಬಂದ ದಾರಿಯನ್ನು ಪರಿಶೀಲಿಸಿದರೆ ಬೇರೆಯೇ ಸಂಗತಿ ತಿಳಿದುಬರುತ್ತದೆ.

ಬಂಗಾಳವು ಕಂಪೆನಿಯ ವಶವಾದಾಗ ಅಲ್ಲಿ ಅಪರಾಧಗಳ ವಿಚಾರಣೆ ಇಸ್ಲಾಮೀ ನ್ಯಾಯಶಾಸ್ತ್ರದಂತೆ ನಡೆಯುತ್ತಿತ್ತು. ಹಿಂದೂಗಳಿಗೂ ಅದೇ ಅನ್ವಯಿಸುತ್ತಿತ್ತು. 1772ರಲ್ಲಿ ವಾರನ್ ಹೇಸ್ಟಿಂಗ್ಸನು ವಿವಾಹ, ದಾಯಭಾಗ ಮೊದಲಾದ ವಿಷಯಗಳಲ್ಲಿ ಮುಸಲ್ಮಾನರಿಗೆ ಕುರಾನಿನ ಕಾನೂನು, ಹಿಂದೂಗಳಿಗೆ ಶಾಸ್ತ್ರವೆಂದು ಗೊತ್ತುಮಾಡಿದನು. ಆಂಗ್ಲ ನ್ಯಾಯಾಧೀಶರಿಗೆ ಅರಬ್ಬೀ ಬಾರದು. 12ನೆಯ ಶತಮಾನದ ‘ಹಿದಾಯಾ’ ಗ್ರಂಥವು ಪಾರಸಿಗೆ ಇಳಿದು, ಅಲ್ಲಿಂದ ಚಾರ್ಲ್ಸ್ ಹ್ಯಾಮಿಲ್ಟನನ ಕೈಯಲ್ಲಿ 1791ರಲ್ಲಿ ಇಂಗ್ಲಿಷಾಯಿತು. ಅರ್ಥ ಹೇಳಲು ನ್ಯಾಯಾಧೀಶರ ಬಳಿ ಮುಫ್ತಿಗಳಿದ್ದರು. 1862ರಲ್ಲಿ ಭಾರತ ದಂಡಸಂಹಿತೆ ಜಾರಿಗೆ ಬಂತು. 1864ರಲ್ಲಿ ನ್ಯಾಯಸ್ಥಾನದ ಮುಫ್ತಿ, ಪಂಡಿತರ ಹುದ್ದೆಗಳು ರದ್ದಾದವು. ಷರೀಯತ್ತಿಗೆ ಮುಖ್ಯವಾಗಿ ಕುಟುಂಬದ ವ್ಯವಹಾರಗಳಷ್ಟೇ ಉಳಿದವು.

ಅಲ್ಲಿಯೂ ಊರೂರಿನ ರೂಢಿ ಅಡ್ಡವಿತ್ತು. ಪಂಜಾಬಿನ ರೂಢಿಯಲ್ಲಿ ಹೆಣ್ಣುಮಕ್ಕಳಿಗೆ ತಂದೆಯ ಭೂಮಿಯಲ್ಲಿ ಪಾಲು ತಪ್ಪುತ್ತಿತ್ತು. ಕಾಸರಗೋಡಿಗೆ ನೆರೆಯಾದ ಉತ್ತರ ಮಲಬಾರಿನ ಅನೇಕ ಮಾಪ್ಪಿಳ ಮನೆತನಗಳಲ್ಲಿಯಾದರೋ, ನಮ್ಮ ಅಳಿಯಸಂತಾನದಂತೆ, ಆಸ್ತಿಯು ತಾಯಿಯ ಕಡೆಯಿಂದ ಇಳಿಯುತ್ತಿತ್ತು. 1937ರ ಷರೀಯತ್ ಕಾಯಿದೆಯು ರೂಢಿಯನ್ನು ಬದಿಗಿರಿಸಿ ಷರೀಯತ್ತನ್ನು ಮುಂದಿಟ್ಟಿತು. ಆದರೆ ಕೃಷಿಭೂಮಿಯನ್ನು ಹೊರಗಿಟ್ಟಿತು. ಪಂಜಾಬಿನ ಮಗಳಿಗೆ ಬೇಕಾಗಿದ್ದುದು ಆ ಭೂಮಿಯೇ ಅಲ್ಲವೆ?

ಇದಕ್ಕಿಂತಲೂ ವಿಚಾರಾರ್ಹವಾದುದು 1939ರ ಮುಸ್ಲಿಮ್ ವಿವಾಹ ವಿಸರ್ಜನೆಯ ಕಾಯಿದೆ. ಭಾರತದ ಬಹುಪಾಲು ಮುಸಲ್ಮಾನರು ಅನುಸರಿಸುವ ಹನಫೀ ಪಂಥದಲ್ಲಿ, ಗಂಡನು ಅನ್ನಬಟ್ಟೆ ಕೊಡದಿದ್ದರೂ, ಕಾಣೆಯಾದರೂ, ಹೆಂಡತಿಗೆ ಬಿಡುಗಡೆ ದುರ್ಲಭವಾಗಿತ್ತು. ಬೇರೆ ದಾರಿ ಕಾಣದೆ, ವಿವಾಹಬಂಧ ಕಳಚಲೆಂದೇ ಕೆಲವು ಸ್ತ್ರೀಯರು ಮತವನ್ನೇ ತ್ಯಜಿಸಿದರು. ಈ ಸಂಕಟವನ್ನು ಕಂಡು ದೇವಬಂದಿ ವಿದ್ವಾಂಸ ಮೌಲಾನಾ ಅಶ್ರಫ್ ಅಲಿ ಥಾನವಿಯವರು ಮಾಲಿಕೀ ಪಂಥದ ಅಭಿಪ್ರಾಯವನ್ನು ಸ್ವೀಕರಿಸಬಹುದೆಂದು ಗ್ರಂಥ ರಚಿಸಿದರು. 1936ರಲ್ಲಿ ಖಾಜಿ ಮುಹಮ್ಮದ್ ಅಹಮದ್ ಕಾಜ್ಮಿಯವರು ಕೇಂದ್ರ ಶಾಸನಸಭೆಯಲ್ಲಿ ಮಸೂದೆ ಮಂಡಿಸಿದರು. ಗಂಡನ ಸುಳಿವು 4 ವರ್ಷ ಸಿಗದಿದ್ದರೆ, 2 ವರ್ಷ ಜೀವನಾಂಶ ಕೊಡದಿದ್ದರೆ, ಹೆಂಡತಿಯು ನ್ಯಾಯಸ್ಥಾನದಲ್ಲಿ ಬಿಡುಗಡೆ ಬೇಡಬಹುದೆಂದಾಯಿತು. ಮತತ್ಯಾಗ ಮಾತ್ರದಿಂದಲೇ ಆಕೆಯ ವಿವಾಹ ಮುರಿಯದೆಂದೂ ವಿಧಿಸಲಾಯಿತು.

ಇಂಥ ಮೊಕದ್ದಮೆಗಳನ್ನು ಮುಸಲ್ಮಾನ ನ್ಯಾಯಾಧೀಶರೇ ವಿಚಾರಿಸಬೇಕೆಂಬ ಅಂಶವೂ ಮಸೂದೆಯಲ್ಲಿತ್ತು. ಶಾಸನಸಭೆಯು ಅದನ್ನು ಕೈಬಿಟ್ಟಿತು. ಹೀಗೆ ವಿಧಿಯ ತಿರುಳು ಷರೀಯತ್ತಿನಿಂದಲೇ ಬಂದರೂ, ತೀರ್ಪಿನ ಅಧಿಕಾರ ಸರಕಾರದ ನ್ಯಾಯಾಧೀಶನದಾಯಿತು. ಅನ್ಯ ಪಂಥದ ಅಭಿಪ್ರಾಯವನ್ನು ಬರಮಾಡಿಕೊಂಡವರು ಉಲೇಮಾಗಳು. ಅದಕ್ಕೆ ಕಾಯಿದೆಯ ಬಲ ಕೊಟ್ಟುದು ಶಾಸನಸಭೆ. ಇವೆರಡರಲ್ಲಿ ಯಾವುದೊಂದು ಇಲ್ಲದಿದ್ದರೂ ಆ ಹೆಂಗಸರ ಗತಿ ಮೊದಲಿನಂತೆಯೇ ಇರುತ್ತಿತ್ತೇನೋ.

2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಒಂದೇ ಉಸಿರಿನ ಮುತ್ತಲಾಖನ್ನು ಅಸಿಂಧುವೆಂದಿತು. 2019ರ ಕಾಯಿದೆ ಅದನ್ನು ಅಪರಾಧವಾಗಿಸಿತು. ಆ ಚರ್ಚೆಯಲ್ಲಿ ‘ಮತವೋ, ಸರಕಾರವೋ’ ಎಂಬ ಪ್ರಶ್ನೆಯೇ ಹೆಚ್ಚಾಗಿ ಕೇಳಿಬಂತು. 1939ರ ಕಾಯಿದೆಯನ್ನು ಓದಿದವರಿಗೆ ಆ ಪ್ರಶ್ನೆ ಅಪೂರ್ಣವೆಂದು ತೋರದಿರದು. ನ್ಯಾಯ ಬೇಡಿ ಬಾಗಿಲಲ್ಲಿ ನಿಂತವಳಿಗೆ ಏನು ದೊರಕಿತೆಂಬುದನ್ನೂ ಕೇಳಬೇಕೆಂದು ವಿದ್ಯಾರ್ಥಿಗಳಿಗೆ ಕಲಿಸುವುದು ಅಧ್ಯಾಪಕರಾದ ನಮ್ಮ ಕರ್ತವ್ಯವೆಂದು ನಾವು ನಂಬಿದ್ದೇವೆ.