ಪೇಟೆಂಟ್ ಆಗದ ಇಲಿ ಕೋಶ: ಅಪ್ಪನ ಮಲೇರಿಯಾ ಕಾರ್ಡ್‌ನಿಂದ ಚಿಕ್ಕಮ್ಮನ ಡ್ರಿಪ್‌ವರೆಗೆ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ, ಆಫೀಸ್ ಬಸ್ಸಲ್ಲಿ ಓದೋರಿಗೆ ಈ ಸಲದ ಮಾತಿನ ಬರಹ ರೂಪ ಇಲ್ಲಿದೆ. ಮಾತಾಡುವಾಗ ಅರ್ಧಕ್ಕೇ ಬಿಟ್ಟ ಒಂದೆರಡು ವಿಷಯಗಳನ್ನೂ ಸೇರಿಸಿದ್ದೀನಿ.

ಕಳೆದ ಮಳೆಗಾಲದಲ್ಲಿ ಮಂಗಳೂರಿಂದ ಅಮ್ಮ ಫೋನ್ ಮಾಡಿದ್ರು. "ಅಪ್ಪನಿಗೆ ಚಳಿಜ್ವರ ಮಾರಾಯ, ಕಾರ್ಡ್‌ನಲ್ಲಿ ಎರಡು ಗೆರೆ ಬಂತು." ನಾನು ಪುಣೆಯ ಹಿಂಜೆವಾಡಿಯಲ್ಲಿ ಆಫೀಸ್ ಕಾಲ್ ಮ್ಯೂಟ್ ಮಾಡಿ ಕೂತಿದ್ದೆ. ವಾಟ್ಸಾಪ್‌ನಲ್ಲಿ ಫೋಟೋ ಬಂತು: ಬಿಳಿ ಪ್ಲಾಸ್ಟಿಕ್ ಕಾರ್ಡ್, ಅದರ ಮೇಲೆ ಎರಡು ಗುಲಾಬಿ ಗೆರೆ. ಬೆರಳ ತುದಿಯ ಒಂದು ಹನಿ ರಕ್ತ ಸಾಕು, ಇಪ್ಪತ್ತು ನಿಮಿಷದಲ್ಲಿ ಮಲೇರಿಯಾ ಹೌದೋ ಅಲ್ವೋ ಗೊತ್ತಾಗುತ್ತೆ. ಅಪ್ಪ ಮಾತ್ರೆ ನುಂಗಿ ವಾರದೊಳಗೆ ಎದ್ದು ಓಡಾಡಿದ್ರು.

ಅದಕ್ಕೆ ಎರಡು ವರ್ಷ ಮೊದಲು ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್ ಆಗಿತ್ತು. ಮೂರು ವಾರಕ್ಕೊಮ್ಮೆಯಂತೆ ಒಂದು ವರ್ಷ, ಟ್ರಾಸ್ಟುಝುಮ್ಯಾಬ್ ಅನ್ನೋ ಔಷಧಿಯ ಡ್ರಿಪ್. ಖರ್ಚು ಹಂಚಿಕೊಳ್ಳೋಕೆ ಕಸಿನ್‌ಗಳೆಲ್ಲ ಸೇರಿ ಒಂದು ಎಕ್ಸೆಲ್ ಶೀಟ್ ಮಾಡಿದ್ವಿ. ಆ ಶೀಟ್ ಇನ್ನೂ ನನ್ನ ಡ್ರೈವ್‌ನಲ್ಲಿದೆ, ಡಿಲೀಟ್ ಮಾಡೋಕೆ ಮನಸ್ಸು ಬಂದಿಲ್ಲ.

ಆ ಔಷಧಿ ಹೆಸರಿನ ಕೊನೆಯ 'ಮ್ಯಾಬ್' ಅಂದ್ರೆ ಮಾನೊಕ್ಲೋನಲ್ ಆಂಟಿಬಾಡಿ. ಅಪ್ಪನ ಕಾರ್ಡ್‌ನಲ್ಲಿ ಗೆರೆ ಮೂಡಿಸಿದ್ದೂ ಅದೇ ಜಾತಿಯ ವಸ್ತು. ಮಲೇರಿಯಾ ಪರಾವಲಂಬಿಯ ಪ್ರೊಟೀನನ್ನು ಹಿಡಿಯೋ ಆಂಟಿಬಾಡಿಯನ್ನು ಪಟ್ಟಿಯ ಮೇಲೆ ಗೆರೆಯಾಗಿ ಅಂಟಿಸಿರ್ತಾರೆ. ಚಿನ್ನದ ಸೂಕ್ಷ್ಮ ಕಣ ಹೊತ್ತ ಇನ್ನೊಂದು ಆಂಟಿಬಾಡಿ ಆ ಪ್ರೊಟೀನನ್ನು ಹಿಡ್ಕೊಂಡು ಬಂದು ಅಲ್ಲಿ ಸಿಕ್ಕಿಹಾಕಿಕೊಂಡ್ರೆ ಬಣ್ಣ ಕಾಣುತ್ತೆ. ಒಂದು ಕೈಗೆಟಕುವ ಬೆಲೆಯದ್ದು, ಇನ್ನೊಂದು ಮನೆಮಂದಿಯೆಲ್ಲ ಶೀಟ್ ಮಾಡಿ ಕೂರುವಂಥದ್ದು. ಎರಡರ ಮೂಲವೂ ಕೇಂಬ್ರಿಜ್‌ನ ಒಂದೇ ಲ್ಯಾಬ್.

ಅಲ್ಲಿದ್ದವರು ಸೀಸರ್ ಮಿಲ್‌ಸ್ಟೈನ್. ಅರ್ಜೆಂಟೀನಾದ ಬಹಿಯಾ ಬ್ಲಾಂಕಾ ಊರಿನವರು, ಯಹೂದಿ ವಲಸಿಗರ ಮಗ. 1962ರಲ್ಲಿ ಅಲ್ಲಿ ಸೇನೆ ಅಧಿಕಾರ ಹಿಡಿದ ಮೇಲೆ ಅವರಿದ್ದ ಸಂಸ್ಥೆಯಲ್ಲಿ ಸಹೋದ್ಯೋಗಿಗಳನ್ನು ಕೆಲಸದಿಂದ ತೆಗೆದ್ರು. ಇವರು ರಾಜೀನಾಮೆ ಕೊಟ್ಟು ಕೇಂಬ್ರಿಜ್‌ಗೆ ಮರಳಿದ್ರು. ನಾವು ಪ್ಯಾಕೇಜ್ ನೋಡಿ ಊರು ಬಿಟ್ಟವರು. ಅವರದ್ದು ಬೇರೆ ಥರದ ವಲಸೆ.

ಆಗಿನ ಸಮಸ್ಯೆ ಏನು ಅಂದ್ರೆ, ಪ್ರಾಣಿಯ ರಕ್ತದಿಂದ ತೆಗೆದ ಆಂಟಿಬಾಡಿ ಯಾವಾಗಲೂ ನೂರೆಂಟು ಬಗೆಯ ಮಿಶ್ರಣ. ಒಂದು ಬಿ ಕೋಶ ಒಂದೇ ಬಗೆಯ ಆಂಟಿಬಾಡಿ ಮಾಡುತ್ತೆ, ಸರಿ. ಆದ್ರೆ ಅದನ್ನು ಹೊರತೆಗೆದು ತಟ್ಟೆಯಲ್ಲಿಟ್ರೆ ಕೆಲವೇ ದಿನದಲ್ಲಿ ಸಾಯುತ್ತೆ. ಮೈಲೋಮಾ ಅನ್ನೋ ಕ್ಯಾನ್ಸರ್ ಕೋಶ ಸಾಯೋದಿಲ್ಲ, ಬೆಳೀತಾನೇ ಇರುತ್ತೆ. ಆದ್ರೆ ಅದು ಮಾಡೋ ಆಂಟಿಬಾಡಿ ಯಾವುದನ್ನು ಹಿಡಿಯುತ್ತೆ ಅನ್ನೋದು ನಮ್ಮ ಕೈಲಿಲ್ಲ.

ಮಿಲ್‌ಸ್ಟೈನ್ ಲ್ಯಾಬ್‌ಗೆ ಪೋಸ್ಟ್‌ಡಾಕ್ ಆಗಿ ಬಂದಿದ್ದ ಜರ್ಮನಿಯ ಜಾರ್ಜಸ್ ಕೋಲರ್ ಎರಡನ್ನೂ ಬೆಸೆದ್ರು. ಇಲಿಗೆ ಕುರಿಯ ಕೆಂಪು ರಕ್ತಕಣ ಚುಚ್ಚಿ, ಅದರ ಗುಲ್ಮ, ಅಂದ್ರೆ ಸ್ಪ್ಲೀನ್‌ನಿಂದ ಬಿ ಕೋಶ ತೆಗೆದು, ಮೈಲೋಮಾ ಕೋಶದ ಜೊತೆ ಸೇರಿಸಿದ್ರು. ಆಮೇಲಿನ ಹೆಜ್ಜೆ ನನಗೆ ಬಹಳ ಇಷ್ಟ. ಆ ಮಿಶ್ರಣವನ್ನು ಒಂದು ವಿಶೇಷ ದ್ರಾವಣದಲ್ಲಿಡ್ತಾರೆ. ಬೆಸೆಯದ ಮೈಲೋಮಾ ಕೋಶ ಅದರಲ್ಲಿ ಬದುಕೋದಿಲ್ಲ, ಅದಕ್ಕೆ ಬೇಕಾದ ಒಂದು ಎನ್‌ಝೈಮ್ ಇಲ್ಲ. ಬೆಸೆಯದ ಬಿ ಕೋಶ ತಾನಾಗಿಯೇ ಸಾಯುತ್ತೆ. ಎರಡೂ ಸೇರಿದ ಕೋಶ ಮಾತ್ರ ಉಳಿಯುತ್ತೆ. ನಮ್ಮ ಭಾಷೆಯಲ್ಲಿ ಶುದ್ಧ ಆ್ಯಂಡ್ ಕಂಡಿಶನ್! ಎಂಟೆಕ್ ಮಾಡಿದ ನನಗೆ ಜೀವಶಾಸ್ತ್ರ ಪಿಯುಸಿಯಲ್ಲೇ ಬಿಟ್ಟುಹೋಗಿತ್ತು, ಆದ್ರೂ ಇದನ್ನು ಓದಿದ ದಿನ ಸಣ್ಣಗೆ ರೋಮಾಂಚನ ಆಯ್ತು.

ಫಲಿತಾಂಶ ನೋಡೋ ಸಂಜೆ ಕೋಲರ್ ಹೆಂಡತಿಯನ್ನೂ ನೆಲಮಾಳಿಗೆಯ ಲ್ಯಾಬ್‌ಗೆ ಕರ್ಕೊಂಡು ಹೋಗಿದ್ರು, ಏನೂ ಸಿಗದಿದ್ರೆ ಜೊತೆಗೊಬ್ಬರು ಇರಲಿ ಅಂತ. ತಟ್ಟೆಯ ತುಂಬ ಕೋಶಗಳ ಸುತ್ತ ಬೆಳ್ಳನೆ ಬಳೆಗಳು ಮೂಡಿದ್ವು. ಆಂಟಿಬಾಡಿ ಕೆಲಸ ಮಾಡಿದ ಗುರುತು. 1975ರ ಆಗಸ್ಟ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಬಂಧ ಬಂತು. ತಮಾಷೆ ಅಂದ್ರೆ, ಅದೇ ವರ್ಷ ತಿಂಗಳುಗಟ್ಟಲೆ ಆ ಪ್ರಯೋಗ ಅವರ ಲ್ಯಾಬ್‌ನಲ್ಲೇ ಮತ್ತೆ ಆಗಲಿಲ್ಲ. ಕೊನೆಗೆ ಸಹೋದ್ಯೋಗಿ ಜಿಯೊವಾನಿ ಗಾಲ್ಫ್ರೆ ಪತ್ತೆಹಚ್ಚಿದ್ರು, ಬಳಸ್ತಿದ್ದ ಒಂದು ಸ್ಟಾಕ್ ದ್ರಾವಣವೇ ವಿಷವಾಗಿತ್ತು. "ನನ್ನ ಮೆಷಿನ್‌ನಲ್ಲಿ ಓಡ್ತಿತ್ತಲ್ಲ" ಅಂತ ತಲೆ ಕೆರ್ಕೊಂಡವರಿಗೆಲ್ಲ ಆ ನೋವು ಅರ್ಥ ಆಗುತ್ತೆ.

ಈಗ ಪೇಟೆಂಟ್ ವಿಷಯ. ಪ್ರಬಂಧ ಪ್ರಕಟವಾಗೋ ಮೊದಲೇ ಮಿಲ್‌ಸ್ಟೈನ್ ತಮ್ಮ ಮೇಲಿನವರಿಗೆ ತಿಳಿಸಿದ್ರು. ವಿಷಯ ಬ್ರಿಟನ್ನಿನ ನ್ಯಾಷನಲ್ ರಿಸರ್ಚ್ ಡೆವಲಪ್‌ಮೆಂಟ್ ಕಾರ್ಪೊರೇಷನ್‌ಗೆ ಹೋಯ್ತು. 1976ರಲ್ಲಿ ಉತ್ತರ ಬಂತು: ಸದ್ಯಕ್ಕೆ ಇದರ ಪ್ರಾಯೋಗಿಕ ಉಪಯೋಗ ಏನೂ ಕಾಣ್ತಿಲ್ಲ. ಪೇಟೆಂಟ್ ಆಗಲಿಲ್ಲ. ಮಿಲ್‌ಸ್ಟೈನ್ ಕೇಳಿದ ವಿಜ್ಞಾನಿಗಳಿಗೆ ಕೋಶಗಳನ್ನು ಕಳಿಸಿಕೊಡ್ತಾ ಹೋದ್ರು. ಹಾಗೆ ಪಡೆದವರಲ್ಲಿ ಫಿಲಡೆಲ್ಫಿಯಾದ ಹಿಲರಿ ಕೊಪ್ರೊವ್ಸ್ಕಿ ಕೂಡ ಒಬ್ಬರು. ಆ ಕೋಶಗಳನ್ನೇ ಬಳಸಿ ಕ್ಯಾನ್ಸರ್ ಗಡ್ಡೆ ಮತ್ತು ವೈರಸ್‌ಗಳ ವಿರುದ್ಧದ ಆಂಟಿಬಾಡಿಗಳಿಗೆ ಅವರ ತಂಡ 1979, 1980ರಲ್ಲಿ ಅಮೆರಿಕದ ಪೇಟೆಂಟ್ ತಗೊಂಡಿತು. ಬ್ರಿಟನ್‌ನಲ್ಲಿ ಇದು ದೊಡ್ಡ ವಿವಾದವಾಯ್ತು. 1984ರಲ್ಲಿ ಕೋಲರ್, ಮಿಲ್‌ಸ್ಟೈನ್, ನೀಲ್ಸ್ ಯೆರ್ನೆ ಮೂವರಿಗೂ ನೊಬೆಲ್ ಬಂತು. ರಾಯಲ್ಟಿ ಮಾತ್ರ ಬರಲಿಲ್ಲ.

ನಾನು ಓಪನ್ ಸೋರ್ಸ್ ಪಕ್ಷದವನು. ವಿಡಿಯೋಗೆ ತಯಾರಿ ಮಾಡುವಾಗ "ನೋಡಿ, ಬಿಟ್ಟಿ ಕೊಟ್ಟಿದ್ದಕ್ಕೇ ಜಗತ್ತಿಗೆಲ್ಲ ಹರಡ್ತು" ಅಂತ ಹೇಳಿ ಮುಗಿಸೋಣ ಅಂದ್ಕೊಂಡಿದ್ದೆ. ಮಲೇರಿಯಾ ಕಥೆ ನೋಡಿದ್ರೆ ಹಾಗೇ ಅನ್ಸುತ್ತೆ. ನ್ಯೂಯಾರ್ಕ್‌ನಲ್ಲಿದ್ದ ರೂತ್ ಮತ್ತು ವಿಕ್ಟರ್ ನುಸೆನ್‌ಸ್ವೈಗ್ ದಂಪತಿ ಕೂಡ ವಲಸಿಗರೇ. ರೂತ್ ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳ ಕಾಲದಲ್ಲಿ ಬ್ರೆಜಿಲ್ ಸೇರಿದವರು; 1964ರ ಸೇನಾ ದಂಗೆಯ ನಂತರ ಆ ನೆಲವನ್ನೂ ಬಿಡಬೇಕಾಯ್ತು. ಸೊಳ್ಳೆ ಕಚ್ಚಿದಾಗ ಒಳಬರೋ ಪರಾವಲಂಬಿಯ ರೂಪ ಸ್ಪೊರೊಜೊಯಿಟ್. ಅದಕ್ಕೆ ಎಕ್ಸ್‌ರೇ ಹಾಯಿಸಿ ದುರ್ಬಲಗೊಳಿಸಿ ಚುಚ್ಚಿದ್ರೆ ಇಲಿಗೆ ರಕ್ಷಣೆ ಸಿಗುತ್ತೆ ಅಂತ 1967ರಲ್ಲೇ ತೋರಿಸಿದ್ರು. ಯಾಕೆ ಸಿಗುತ್ತೆ, ಪರಾವಲಂಬಿಯ ಯಾವ ಭಾಗ ಮುಖ್ಯ ಅನ್ನೋದಕ್ಕೆ ಉತ್ತರ ಹುಡುಕೋಕೆ ಕೇಂಬ್ರಿಜ್‌ನ ಉಪಾಯವೇ ಬೇಕಾಯ್ತು. 1980ರಲ್ಲಿ ಅವರ ತಂಡ ಮಾಡಿದ ಒಂದೇ ಬಗೆಯ ಆಂಟಿಬಾಡಿ ಇಲಿಗಳನ್ನು ಕಾಪಾಡಿತು. ಅದು ಹಿಡ್ಕೊಂಡಿದ್ದು ಸ್ಪೊರೊಜೊಯಿಟ್‌ನ ಮೈಮೇಲಿನ ಒಂದು ಪ್ರೊಟೀನನ್ನು. ಮನುಷ್ಯರಿಗೆ ಬರೋ ಮಲೇರಿಯಾದಲ್ಲಿ ಅದಕ್ಕೆ ಸಮನಾದ ಪ್ರೊಟೀನಿನ ಮೇಲೇ ಇವತ್ತಿನ ಎರಡೂ ಲಸಿಕೆ ನಿಂತಿವೆ. ಒಂದನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಶಿಫಾರಸು ಮಾಡಿತು, ಇನ್ನೊಂದು 2023ರ ಆರ್21. ಆಕ್ಸ್‌ಫರ್ಡ್ ರೂಪಿಸಿದ ಆರ್21 ತಯಾರಾಗೋದು ನಮ್ಮ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್‌ನಲ್ಲಿ, ಡೋಸ್‌ಗೆ 2ರಿಂದ 4 ಡಾಲರ್.

ಕ್ಯಾನ್ಸರ್ ಕಡೆ ತಿರುಗಿದ್ರೆ ನನ್ನ ವಾದ ಕುಂಟುತ್ತೆ. ಇಲಿಯ ಆಂಟಿಬಾಡಿಯನ್ನು ನಮ್ಮ ದೇಹ ಹೊರಗಿನದ್ದು ಅಂತ ಗುರುತಿಸಿ ಎದುರಿಸುತ್ತೆ. 1986ರಲ್ಲಿ ಅದೇ ಕೇಂಬ್ರಿಜ್ ಲ್ಯಾಬ್‌ನ ಗ್ರೆಗ್ ವಿಂಟರ್, ಇಲಿ ಆಂಟಿಬಾಡಿಯ ಹಿಡಿಯೋ ತುದಿಯನ್ನಷ್ಟೇ ಮನುಷ್ಯರ ಆಂಟಿಬಾಡಿಗೆ ಕಸಿ ಮಾಡೋ ದಾರಿ ತೋರಿಸಿದ್ರು. ಈ ಸಲ ಪೇಟೆಂಟ್ ಮರೀಲಿಲ್ಲ. 1997ರಲ್ಲಿ ರಿಟುಕ್ಸಿಮ್ಯಾಬ್, 1998ರಲ್ಲಿ ಟ್ರಾಸ್ಟುಝುಮ್ಯಾಬ್ ಅಮೆರಿಕದಲ್ಲಿ ಒಪ್ಪಿಗೆ ಪಡೆದವು. ಮೂಲ ಉಪಾಯ ಬಿಟ್ಟಿ, ಆದ್ರೆ ಅದರ ಮೇಲೆ ಕಟ್ಟಿದ ಒಂದೊಂದು ಔಷಧಿಗೂ ಬೇಲಿ. ಭಾರತದಲ್ಲಿ ರೋಷ್ ಕಂಪನಿ ಟ್ರಾಸ್ಟುಝುಮ್ಯಾಬ್ ಪೇಟೆಂಟನ್ನು 2013ರಲ್ಲಿ ಕೈಬಿಟ್ಟಿತು. 2014ರ ಆರಂಭದಲ್ಲಿ ಬೆಂಗಳೂರಿನ ಬಯೋಕಾನ್ ತನ್ನ ಆವೃತ್ತಿ ತಂದಾಗ, ಆಗಿನ ಬೆಲೆಗಿಂತ ಸುಮಾರು ಕಾಲು ಭಾಗ ಕಡಿಮೆ ಇಟ್ಟೂ 440 ಮಿಲಿಗ್ರಾಂ ವಯಲ್‌ಗೆ 57,500 ರೂಪಾಯಿ! ಆಮೇಲೆ ಬೇರೆ ಕಂಪನಿಗಳೂ ಬಂದು ಬೆಲೆ ಇಳೀತು. ಚಿಕ್ಕಮ್ಮನಿಗೆ ಸಿಕ್ಕಿದ್ದು ಇಳಿದ ಬೆಲೆಯ ಔಷಧಿ. ಹತ್ತು ವರ್ಷ ಮೊದಲು ಆಗಿದ್ರೆ ನಮ್ಮ ಶೀಟ್ ಎರಡನೇ ಡೋಸ್‌ಗೇ ನಿಲ್ತಿತ್ತು.

ಈಗ ಎರಡೂ ದಾರಿ ಮತ್ತೆ ಕೂಡ್ತಿವೆ. ಮಲೇರಿಯಾಕ್ಕೂ ಆಂಟಿಬಾಡಿಯನ್ನೇ ಔಷಧಿಯಾಗಿ ಕೊಡೋ ಪ್ರಯೋಗ ಪಶ್ಚಿಮ ಆಫ್ರಿಕಾದ ಮಾಲಿಯಲ್ಲಿ ನಡೆದಿದೆ. 2022ರ ವರದಿ ಪ್ರಕಾರ, ಒಂದೇ ಸಲದ ಡ್ರಿಪ್ ಹೆಚ್ಚಿನ ಡೋಸ್‌ನಲ್ಲಿ ಆರು ತಿಂಗಳ ಮಲೇರಿಯಾ ಕಾಲಕ್ಕೆ ವಯಸ್ಕರಿಗೆ 88 ಶೇಕಡಾ ರಕ್ಷಣೆ ಕೊಟ್ಟಿತು. 2024ರಲ್ಲಿ 6ರಿಂದ 10 ವರ್ಷದ ಮಕ್ಕಳಿಗೆ ಅದರ ಮುಂದಿನ ಆವೃತ್ತಿಯನ್ನು ಚರ್ಮದಡಿಯ ಇಂಜೆಕ್ಷನ್ ಆಗಿ ಕೊಟ್ಟ ಫಲಿತಾಂಶ ಬಂತು, ಡ್ರಿಪ್ ಬೇಕಿಲ್ಲ. ಕೆಲಸ ಮಾಡುತ್ತೆ ಅನ್ನೋದು ಗೊತ್ತಾಯ್ತು. ಆದ್ರೆ ಇದು ಬೇಕಾಗಿರೋದು ಕಸಿನ್‌ಗಳ ಎಕ್ಸೆಲ್ ಶೀಟ್ ಇಲ್ಲದ ಮನೆಗಳಿಗೆ, ಪ್ರತಿ ಮಳೆಗಾಲಕ್ಕೂ, ಪ್ರತಿ ಮಗುವಿಗೂ. ಅದರ ಬೆಲೆ ಅಪ್ಪನ ಕಾರ್ಡ್ ಕಡೆ ವಾಲುತ್ತೋ, ಚಿಕ್ಕಮ್ಮನ ವಯಲ್ ಕಡೆಯೋ? ವಿಡಿಯೋದ ಕೊನೆಗೆ ನಾನು ಕೇಳಿದ್ದು ಇದನ್ನೇ. ಫಾರ್ಮಾ ಕಂಪನಿಗಳಲ್ಲಿ ಕೆಲಸ ಮಾಡೋ ಹೈದರಾಬಾದ್ ಕನ್ನಡಿಗರು ಯಾರಾದ್ರೂ ಇದ್ರೆ, ಒಂದು ಗ್ರಾಂ ಆಂಟಿಬಾಡಿ ತಯಾರಿಸೋಕೆ ನಿಜವಾಗಿ ಎಷ್ಟು ಖರ್ಚಾಗುತ್ತೆ ಅಂತ ಬರೀರಿ. ಮುಂದಿನ ಭಾಗ ಅದರ ಮೇಲೇ ಮಾಡ್ತೀನಿ.